ಮಣಿಕಟ್ಟಿನ ಗಡಿಯಾರ ಹೇಳುವ ಹೃದಯದ ಲೆಕ್ಕ ಎಷ್ಟು ಸರಿ?

ಕೆಂಗಲ್: ರಾಮನಗರ ಮತ್ತು ಚನ್ನಪಟ್ಟಣಗಳ ನಡುವೆ, ಹಳೆಯ ಮೈಸೂರು ಹೆದ್ದಾರಿಯ ಬದಿಯಲ್ಲಿರುವ ಕೆಂಗಲ್ ಆಂಜನೇಯಸ್ವಾಮಿ ದೇವಾಲಯದ ಆಸುಪಾಸಿನಲ್ಲಿ ಬೆಳಗಿನ ನಡಿಗೆಗೆ ಬರುವವರ ಮಣಿಕಟ್ಟಿನಲ್ಲೂ ಈಗ ಸ್ಮಾರ್ಟ್ ವಾಚ್ ಕಾಣಸಿಗುತ್ತದೆ. ಹೆಜ್ಜೆಗಳ ಎಣಿಕೆ, ನಿದ್ದೆಯ ಅವಧಿ, ನಾಡಿ ಬಡಿತಗಳ ಜೊತೆಗೆ ಹಲವು ವಾಚುಗಳ ಪರದೆಯ ಮೇಲೆ ಇನ್ನೊಂದು ಅಂಕಿಯೂ ಮೂಡುತ್ತದೆ. ಅದರ ಹೆಸರು ‘ಎಚ್‌ಆರ್‌ವಿ’, ಅಂದರೆ ಹೃದಯ ಬಡಿತದ ಏರಿಳಿತ. ಇಂದು 48, ನಾಳೆ 31, ನಾಡಿದ್ದು 55 ಎಂದು ಜಿಗಿಯುವ ಈ ಅಂಕಿಯ ಅರ್ಥವೇನು, ಅದು ಎಲ್ಲಿಂದ ಬರುತ್ತದೆ, ಎಷ್ಟರಮಟ್ಟಿಗೆ ನಂಬಬಹುದು ಎಂಬುದು ವಾಚು ಧರಿಸಿದ ಬಹುಪಾಲು ಜನರಿಗೆ ತಿಳಿದಿಲ್ಲ.

ರಾಜ್ಯದ ಮಟ್ಟಿಗೆ ಈ ಪ್ರಶ್ನೆ ಕೇವಲ ಕುತೂಹಲದ್ದಾಗಿ ಉಳಿದಿಲ್ಲ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹಠಾತ್ತನೆ ನಿಧನರಾದ ನಂತರದ ದಿನಗಳಲ್ಲಿ ಹೃದಯ ತಪಾಸಣೆಗಾಗಿ ಆಸ್ಪತ್ರೆಗಳಿಗೆ ಜನ ಮುಗಿಬಿದ್ದರು. 2025ರ ಮೇ-ಜೂನ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳ ಅವಧಿಯಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಮೃತಪಟ್ಟರೆಂಬ ವರದಿಗಳು ಬಂದಾಗ ಬೆಂಗಳೂರು ಮತ್ತು ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಉದ್ದನೆಯ ಸಾಲುಗಳು ಕಂಡುಬಂದವು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸರ್ಕಾರ ತಜ್ಞರ ಸಮಿತಿಯನ್ನೇ ರಚಿಸಬೇಕಾಯಿತು. ಇಂಥ ಭೀತಿಯ ವಾತಾವರಣದಲ್ಲಿ ಕೈಗಡಿಯಾರವೊಂದು ಹೃದಯದ ‘ಆರೋಗ್ಯ’ವನ್ನು ದಿನವೂ ಅಂಕಿಯಲ್ಲಿ ತೋರಿಸುತ್ತದೆ ಎಂದರೆ ಅದಕ್ಕೆ ಜನ ಮರುಳಾಗುವುದು ಸಹಜ.

ಅಪಾಯ ಎರಡು ಬಗೆಯದು. ಅಂಕಿ ಇಳಿದುದನ್ನು ಕಂಡು ಆರೋಗ್ಯವಂತರು ದಿಗಿಲುಗೊಳ್ಳುವುದು ಒಂದು. ಅಂಕಿ ಚೆನ್ನಾಗಿದೆಯಲ್ಲ ಎಂದು ಎದೆನೋವನ್ನು ‘ಗ್ಯಾಸ್ಟ್ರಿಕ್’ ಎಂದುಕೊಂಡು ಮನೆಯಲ್ಲೇ ಉಳಿಯುವುದು ಇನ್ನೊಂದು. ಎರಡನೆಯದು ಪ್ರಾಣಕ್ಕೇ ಎರವಾಗಬಲ್ಲದು.

ಗಡಿಯಾರದಂತೆ ಬಡಿಯದ ಹೃದಯ

ಆರೋಗ್ಯವಂತ ಹೃದಯವು ಗೋಡೆ ಗಡಿಯಾರದಂತೆ ಒಂದೇ ಸಮನೆ ಬಡಿಯುತ್ತದೆ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವ ಬೇರೆ. ನಿಮಿಷಕ್ಕೆ ಸರಾಸರಿ 71 ಬಾರಿ ಬಡಿಯುವ ಹೃದಯವೊಂದರ ಐದು ಅನುಕ್ರಮ ಬಡಿತಾಂತರಗಳು ಹೀಗಿರಬಹುದು: 820, 850, 880, 840, 810 ಮಿಲಿಸೆಕೆಂಡ್. ಒಂದು ಮಿಲಿಸೆಕೆಂಡ್ ಎಂದರೆ ಸೆಕೆಂಡಿನ ಸಾವಿರದ ಒಂದು ಭಾಗ. ಸರಾಸರಿ ತೆಗೆದಾಗ ಕಾಣದಾಗುವ ಈ ಸಣ್ಣ ಹೆಚ್ಚುಕಡಿಮೆಯೇ ಎಚ್‌ಆರ್‌ವಿ.

ಇದರ ಮೂಲ ಸ್ವಯಂಚಾಲಿತ ನರವ್ಯೂಹದಲ್ಲಿದೆ. ಹೃದಯದ ಮೇಲಿನ ಬಲ ಕೋಣೆಯಲ್ಲಿರುವ ಸೈನಸ್ ನೋಡ್ ಎಂಬ ಪುಟ್ಟ ಅಂಗಾಂಶ ತಾನೇ ತಾನಾಗಿ ವಿದ್ಯುತ್ ಮಿಡಿತಗಳನ್ನು ಹುಟ್ಟಿಸುತ್ತದೆ. ಅದರ ವೇಗವನ್ನು ಹೆಚ್ಚಿಸಲು ಸಿಂಪಥೆಟಿಕ್ ನರಗಳು, ತಗ್ಗಿಸಲು ಮಿದುಳಿನ ಬುಡದಿಂದ ಇಳಿದುಬರುವ ವೇಗಸ್ ನರ ಸದಾ ಕೆಲಸ ಮಾಡುತ್ತಿರುತ್ತವೆ. ಉಸಿರು ಒಳಗೆ ಎಳೆದುಕೊಂಡಾಗ ವೇಗಸ್ ನರದ ಹಿಡಿತ ತುಸು ಸಡಿಲಗೊಂಡು ಬಡಿತಗಳು ಹತ್ತಿರವಾಗುತ್ತವೆ; ಉಸಿರು ಬಿಟ್ಟಾಗ ಹಿಡಿತ ಬಿಗಿಯಾಗಿ ಬಡಿತಗಳು ದೂರವಾಗುತ್ತವೆ. ಉಸಿರಾಟದೊಂದಿಗಿನ ಈ ನಂಟನ್ನು ಜರ್ಮನಿಯ ಕಾರ್ಲ್ ಲುಡ್ವಿಗ್ 1847ರಲ್ಲಿಯೇ ದಾಖಲಿಸಿದ್ದರು.

ವೈದ್ಯರ ಗಮನ ಇದರತ್ತ ಗಂಭೀರವಾಗಿ ಹೊರಳಿದ್ದು 20ನೆಯ ಶತಮಾನದ ಉತ್ತರಾರ್ಧದಲ್ಲಿ. ಗರ್ಭಸ್ಥ ಶಿಶು ಸಂಕಟಕ್ಕೆ ಸಿಲುಕಿದಾಗ, ಬಡಿತದ ಸರಾಸರಿ ಬದಲಾಗುವ ಮೊದಲೇ ಬಡಿತಾಂತರಗಳಲ್ಲಿ ವ್ಯತ್ಯಾಸ ಕಾಣಿಸಿಕೊಳ್ಳುತ್ತದೆ ಎಂದು ಅಮೆರಿಕದ ಹಾನ್ ಮತ್ತು ಲೀ 1965ರಲ್ಲಿ ತೋರಿಸಿದರು. 1987ರಲ್ಲಿ ರಾಬರ್ಟ್ ಕ್ಲೈಗರ್ ಮತ್ತು ಸಂಗಡಿಗರು ಹೃದಯಾಘಾತದಿಂದ ಬದುಕುಳಿದ 808 ರೋಗಿಗಳ 24 ಗಂಟೆಗಳ ಇಸಿಜಿ ದಾಖಲೆಗಳನ್ನು ಪರಿಶೀಲಿಸಿದಾಗ, ಏರಿಳಿತ 50 ಮಿಲಿಸೆಕೆಂಡಿಗಿಂತ ಕಡಿಮೆ ಇದ್ದವರಲ್ಲಿ ಸಾವಿನ ಅಪಾಯವು 100 ಮಿಲಿಸೆಕೆಂಡಿಗಿಂತ ಹೆಚ್ಚಿದ್ದವರಿಗಿಂತ 5.3 ಪಟ್ಟು ಅಧಿಕವಾಗಿತ್ತು. ಯುರೋಪ್ ಮತ್ತು ಉತ್ತರ ಅಮೆರಿಕದ ತಜ್ಞ ಸಂಘಗಳ ಜಂಟಿ ಕಾರ್ಯಪಡೆ 1996ರಲ್ಲಿ ಅಳತೆಯ ನಿಯಮಗಳನ್ನು ಗೊತ್ತುಪಡಿಸಿತು. ಆ ಅಧ್ಯಯನಗಳ ತಳಹದಿ ಇಸಿಜಿ, ಅಂದರೆ ಎದೆಗೆ ಅಂಟಿಸಿದ ತಂತಿಗಳು ಗ್ರಹಿಸುವ ಹೃದಯದ ವಿದ್ಯುತ್ ಸಂಕೇತ, ಎಂಬುದನ್ನು ಇಲ್ಲಿ ಗಮನಿಸಬೇಕು. ಮಣಿಕಟ್ಟಿನ ವಾಚು ಸಾಮಾನ್ಯವಾಗಿ ನೋಡುವುದು ಬೇರೊಂದನ್ನು.

ಬೆಳಕು ಹಿಡಿಯುವ ನಾಡಿ

ಕೋವಿಡ್ ಕಾಲದಲ್ಲಿ ರಾಜ್ಯದ ಸಹಸ್ರಾರು ಮನೆಗಳಿಗೆ ಬಂದ ಪಲ್ಸ್ ಆಕ್ಸಿಮೀಟರ್ ಎಲ್ಲರಿಗೂ ನೆನಪಿದೆ. ಬೆರಳಿಗೆ ಕ್ಲಿಪ್ಪಿನಂತೆ ಸಿಕ್ಕಿಸುವ ಆ ಪುಟ್ಟ ಯಂತ್ರದ ಒಂದು ಬದಿಯಿಂದ ಬೆಳಕು ಹೊಮ್ಮಿ, ಚರ್ಮ-ರಕ್ತಗಳನ್ನು ಹಾಯ್ದು ಇನ್ನೊಂದು ಬದಿಯ ಸಂವೇದಕವನ್ನು ತಲುಪುತ್ತದೆ. ಪ್ರತಿ ಬಡಿತಕ್ಕೂ ಬೆರಳಿನ ಸಣ್ಣ ರಕ್ತನಾಳಗಳು ಹಿಗ್ಗಿ ರಕ್ತ ಹೆಚ್ಚಾದಾಗ ಹಾಯ್ದುಬರುವ ಬೆಳಕು ಕೊಂಚ ತಗ್ಗುತ್ತದೆ. ಈ ತಗ್ಗು-ಏರುಗಳನ್ನು ಗೆರೆಯಾಗಿ ಬಿಡಿಸಿದರೆ ದೊರೆಯುವುದೇ ನಾಡಿ ಅಲೆ. ಫೋಟೋಪ್ಲೆತಿಸ್ಮೋಗ್ರಫಿ, ಸಂಕ್ಷಿಪ್ತವಾಗಿ ಪಿಪಿಜಿ, ಎಂಬ ಈ ವಿಧಾನವನ್ನು 1930ರ ದಶಕದಲ್ಲಿ ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ಆಲ್ರಿಕ್ ಹರ್ಟ್ಸ್‌ಮನ್ ಬೆಳೆಸಿದರು. ಅದರಿಂದ ಆಮ್ಲಜನಕದ ಪ್ರಮಾಣವನ್ನು ಅಳೆಯುವ ಉಪಾಯವನ್ನು 1970ರ ದಶಕದಲ್ಲಿ ಕಂಡುಕೊಂಡವರು ಜಪಾನಿನ ಎಂಜಿನಿಯರ್ ತಕುವೊ ಅಯೊಯಾಗಿ.

ವಾಚಿನಲ್ಲಿ ಬೆಳಕು ಮಣಿಕಟ್ಟನ್ನು ಹಾಯ್ದು ಹೊರಬರಲಾರದು. ಆದುದರಿಂದ ಚರ್ಮಕ್ಕೆ ತಗುಲಿ ಹಿಂದಿರುಗುವ ಬೆಳಕನ್ನೇ ಅಳೆಯಬೇಕು. ವಾಚನ್ನು ಮಗುಚಿದಾಗ ಮಿನುಗುವ ಹಸಿರು ದೀಪ ಇದಕ್ಕಾಗಿಯೇ ಇದೆ. ರಕ್ತದ ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಆ ಬೆಳಕು ಆಳಕ್ಕೆ ಇಳಿಯದೆ ಮೇಲ್ಪದರದಿಂದಲೇ ಮರಳುವುದರಿಂದ ಅಲುಗಾಟದ ಹಾವಳಿಯೂ ಕೊಂಚ ಕಡಿಮೆ. ಹಿಂದಿರುಗುವ ಬೆಳಕಿನಲ್ಲಿ ನಾಡಿಯಿಂದಾಗಿ ಬದಲಾಗುವ ಭಾಗ ಒಟ್ಟಾರೆಯ ಶೇಕಡಾ ಒಂದೆರಡರಷ್ಟು ಮಾತ್ರ. ಚರ್ಮ, ಮೂಳೆ, ನಿಂತ ರಕ್ತ ಇವೆಲ್ಲವುಗಳ ನಡುವಿನಿಂದ ಈ ಅಲ್ಪ ಅಂಶವನ್ನು ಹೆಕ್ಕಿ ತೆಗೆಯಬೇಕು.

ಹೆಕ್ಕಿ ತೆಗೆದ ಮೇಲೂ ತೊಡಕು ತಪ್ಪಿದ್ದಲ್ಲ. ಇಸಿಜಿಯಲ್ಲಿ ಪ್ರತಿ ಬಡಿತಕ್ಕೂ ಸೂಜಿಮೊನೆಯಂಥ ಚೂಪಾದ ಶಿಖರವೊಂದು ಏಳುತ್ತದೆ. ಎರಡು ಮೊನೆಗಳ ನಡುವಿನ ಅಂತರ ಅಳೆಯುವುದು ಸುಲಭ. ನಾಡಿ ಅಲೆಯ ಶಿಖರವಾದರೋ ರಾಮನಗರದ ಬಂಡೆ ಬೆಟ್ಟಗಳ ನೆತ್ತಿಯಂತೆ ದುಂಡಗಿರುತ್ತದೆ. ಅದರ ಅತ್ಯುನ್ನತ ಬಿಂದು ಇದೇ ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಹೀಗಾಗಿ ಕೆಲವು ತಂತ್ರಾಂಶಗಳು ಶಿಖರವನ್ನು ಬಿಟ್ಟು ಅಲೆಯ ಬುಡವನ್ನು ಹಿಡಿಯುತ್ತವೆ. ಇನ್ನು ಕೆಲವು ಏರುಹಾದಿಯಲ್ಲಿ ಕಡಿದಾದ ಜಾಗವನ್ನು ಹುಡುಕುತ್ತವೆ. ಶಿಖರದ ನಂತರ ಇಳಿಜಾರಿನಲ್ಲಿ ಮಹಾಪಧಮನಿಯ ಕವಾಟ ಮುಚ್ಚುವ ಹೊತ್ತಿಗೆ ಒಂದು ಸಣ್ಣ ತಗ್ಗು, ಅದರ ಪಕ್ಕ ಮತ್ತೊಂದು ಮರಿ ಉಬ್ಬು ಕಾಣುತ್ತದೆ. ಎಚ್ಚರ ತಪ್ಪಿದ ತಂತ್ರಾಂಶ ಅದನ್ನೇ ಎರಡನೆಯ ಬಡಿತವೆಂದು ಎಣಿಸಿಬಿಡುವುದುಂಟು.

ಬೆಂಗಳೂರಿನಲ್ಲಿ ಹೊರಟ ಬಸ್ಸು, ಕೆಂಗಲ್‌ನಲ್ಲಿ ಎಣಿಕೆ

ಇಸಿಜಿಯ ಅಂತರಕ್ಕೂ ನಾಡಿಯ ಅಂತರಕ್ಕೂ ಇರುವ ವ್ಯತ್ಯಾಸಕ್ಕೆ ಹಳೆಯ ಮೈಸೂರು ರಸ್ತೆಯೇ ಒಳ್ಳೆಯ ಉದಾಹರಣೆ. ಬೆಂಗಳೂರಿನ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಿಂದ ಬಸ್ಸುಗಳು ಒಂದರ ಹಿಂದೆ ಒಂದರಂತೆ ಹೊರಡುತ್ತವೆ ಎಂದುಕೊಳ್ಳೋಣ. ನಿಲ್ದಾಣದ ಗೇಟಿನಲ್ಲಿ ನಿಂತು ಹೊರಟ ಸಮಯ ಬರೆದುಕೊಳ್ಳುವವನದು ಇಸಿಜಿಯ ಕೆಲಸ. ಕೆಂಗಲ್ ನಿಲುಗಡೆಯಲ್ಲಿ ನಿಂತು ಬಸ್ಸು ಬಂದ ಸಮಯ ಬರೆಯುವವನದು ವಾಚಿನ ಕೆಲಸ. ಬಿಡದಿಯಲ್ಲಿ, ರಾಮನಗರದ ಪೇಟೆಯಲ್ಲಿ ಎಲ್ಲ ಬಸ್ಸುಗಳಿಗೂ ಒಂದೇ ರೀತಿಯ ದಾರಿ ಸಿಕ್ಕರೆ, ಹೊರಟಾಗ ಎಷ್ಟು ಅಂತರವಿತ್ತೋ ಕೆಂಗಲ್‌ನಲ್ಲೂ ಅಷ್ಟೇ ಇರುತ್ತದೆ. ಒಂದು ಬಸ್ಸಿಗೆ ದಾರಿ ತೆರವಾಗಿದ್ದು, ಮುಂದಿನದು ಸಂದಣಿಗೆ ಸಿಕ್ಕಿಕೊಂಡರೆ ಅಂತರ ಬದಲಾಗುತ್ತದೆ. ಕೆಂಗಲ್‌ನಲ್ಲಿ ನಿಂತವನ ಲೆಕ್ಕದಲ್ಲಿ ನಿಲ್ದಾಣದ ಶಿಸ್ತೂ ದಾರಿಯ ಗುಣವೂ ಬೆರೆತುಹೋಗಿರುತ್ತವೆ.

ದೇಹದಲ್ಲೂ ಹೀಗೆಯೇ. ವಿದ್ಯುತ್ ಮಿಡಿತ ಹುಟ್ಟಿದ ಸುಮಾರು 100 ಮಿಲಿಸೆಕೆಂಡುಗಳ ತರುವಾಯ ಹೃದಯದ ಕವಾಟ ತೆರೆದು ರಕ್ತ ಹೊರಚಿಮ್ಮುತ್ತದೆ. ಆ ನೂಕಿನಿಂದ ಉಂಟಾದ ಒತ್ತಡದ ಅಲೆ ಅಪಧಮನಿಗಳ ಗೋಡೆಗುಂಟ ಸೆಕೆಂಡಿಗೆ ಹಲವು ಮೀಟರುಗಳ ವೇಗದಲ್ಲಿ ಸಾಗಿ ಬೆರಳನ್ನು ಮುಟ್ಟುತ್ತದೆ. (ಬೆರಳಿಗೆ ಬಂದು ತಟ್ಟುವುದು ಆಗತಾನೆ ಹೃದಯ ಬಿಟ್ಟ ರಕ್ತ ಎಂದು ಅನೇಕರು ತಿಳಿದಿದ್ದಾರೆ, ಆ ರಕ್ತ ಬಹಳ ಹಿಂದೆಯೇ ಇರುತ್ತದೆ, ಬಂದು ಮುಟ್ಟುವುದು ಅಲೆ ಮಾತ್ರ.) ಒಟ್ಟು ಪಯಣಕ್ಕೆ ಸೆಕೆಂಡಿನ ಕಾಲು ಭಾಗದಷ್ಟು ಸಮಯ ಹಿಡಿಯುತ್ತದೆ. ಈ ವಿಳಂಬ ಸದಾ ಒಂದೇ ಆಗಿದ್ದರೆ ಚಿಂತೆಯಿರಲಿಲ್ಲ. ರಕ್ತದೊತ್ತಡ ಏರಿದರೆ ಅಲೆ ಬೇಗ ಬರುತ್ತದೆ, ಇಳಿದರೆ ತಡವಾಗುತ್ತದೆ. ಉಸಿರಾಟ, ಕೈಯ ಎತ್ತರ, ರಕ್ತನಾಳಗಳ ಪೆಡಸುತನ ಎಲ್ಲವೂ ಅದನ್ನು ಬದಲಿಸುತ್ತವೆ.

1999ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಇಸಾಬೆಲ್ ಕಾನ್‌ಸ್ಟಂಟ್ ಮತ್ತು ಸಂಗಡಿಗರು, ನಿಗದಿತ ವೇಗದಲ್ಲಿ ಬಡಿಯುವ ಪೇಸ್‌ಮೇಕರ್ ಅಳವಡಿಸಿದ್ದ ಮಕ್ಕಳ ಇಸಿಜಿ ಮತ್ತು ನಾಡಿ ಅಲೆಗಳನ್ನು ಒಟ್ಟಿಗೆ ಅಳೆದರು. ಯಂತ್ರವೇ ಬಡಿತ ಕೊಡುತ್ತಿದ್ದುದರಿಂದ ಇಸಿಜಿಯಲ್ಲಿ ಏರಿಳಿತ ಇಲ್ಲವೆಂಬಷ್ಟು ಕಡಿಮೆ ಇತ್ತು. ಆದರೆ ನಾಡಿ ಅಲೆಯಲ್ಲಿ ಉಸಿರಾಟಕ್ಕೆ ತಕ್ಕ ಏರಿಳಿತ ಸ್ಪಷ್ಟವಾಗಿ ಕಂಡಿತು. ಅದು ದಾರಿಯಲ್ಲಿ ಹುಟ್ಟಿದ ಏರಿಳಿತ. ಈ ಕಾರಣದಿಂದಲೇ ಸಂಶೋಧಕರು ನಾಡಿಯಿಂದ ದೊರೆತ ಅಳತೆಯನ್ನು ‘ನಾಡಿ ಬಡಿತದ ಏರಿಳಿತ’ ಎಂಬ ಬೇರೆ ಹೆಸರಿನಿಂದ ಕರೆಯುತ್ತಾರೆ. ವಾಚು ತಯಾರಕರು ಮಾತ್ರ ಎಚ್‌ಆರ್‌ವಿ ಎಂದೇ ಮುದ್ರಿಸುತ್ತಾರೆ.

ಹಾಗೆಂದು ನಾಡಿಯ ಲೆಕ್ಕವೆಲ್ಲ ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಅಲ್ಲಿಯವರೆಗಿನ ಸಂಶೋಧನೆಗಳನ್ನು 2013ರಲ್ಲಿ ಒಟ್ಟಾಗಿ ಪರಾಮರ್ಶಿಸಿದ ಜರ್ಮನಿಯ ಶೇಫರ್ ಮತ್ತು ಫಾಗೆಡೆಸ್, ಆರೋಗ್ಯವಂತ ಕಿರಿಯರು ವಿಶ್ರಾಂತಿಯಲ್ಲಿರುವಾಗ ಎರಡೂ ಅಳತೆಗಳು ಸಾಕಷ್ಟು ಹೊಂದಿಕೆಯಾಗುತ್ತವೆ ಎಂದು ಕಂಡುಕೊಂಡರು. ದೈಹಿಕ ಶ್ರಮ ಅಥವಾ ಮಾನಸಿಕ ಒತ್ತಡ ಎದುರಾದಾಗ ಆ ಹೊಂದಾಣಿಕೆ ಸಡಿಲಗೊಳ್ಳುತ್ತದೆ. ಒತ್ತಡ ಅಳೆಯುತ್ತೇವೆಂದು ಹೇಳಿಕೊಳ್ಳುವ ಉಪಕರಣಗಳು ಒತ್ತಡದ ಹೊತ್ತಿನಲ್ಲೇ ತಡವರಿಸುತ್ತವೆ ಎಂಬುದು ಇದರಲ್ಲಿನ ವಿಪರ್ಯಾಸ.

ಒಂದು ಬಡಿತ ತಪ್ಪಿದರೆ

ಅಳತೆಯ ತಪ್ಪು ಎಷ್ಟು ದೊಡ್ಡದಾಗಬಲ್ಲದು ಎಂಬುದನ್ನು ಮೇಲಿನ ಐದು ಅಂತರಗಳಿಂದಲೇ ತಿಳಿಯಬಹುದು. ಹೆಚ್ಚಿನ ಉಂಗುರಗಳು ಮತ್ತು ಹಲವು ವಾಚುಗಳು ಬಳಸುವ ಸೂತ್ರದ ಹೆಸರು ಆರ್‌ಎಂಎಸ್‌ಎಸ್‌ಡಿ. ಒಂದು ಅಂತರಕ್ಕೂ ಅದರ ಮುಂದಿನದಕ್ಕೂ ಇರುವ ವ್ಯತ್ಯಾಸವನ್ನು ವರ್ಗ ಮಾಡಿ, ಸರಾಸರಿ ತೆಗೆದು, ವರ್ಗಮೂಲ ಕಂಡುಹಿಡಿಯುವುದು ಇದರ ಕ್ರಮ. 820, 850, 880, 840, 810ರ ನಡುವಿನ ವ್ಯತ್ಯಾಸಗಳು 30, 30, 40, 30. ಇವುಗಳ ವರ್ಗಗಳ ಮೊತ್ತ 4,300. ನಾಲ್ಕರಿಂದ ಭಾಗಿಸಿದರೆ 1,075. ಅದರ ವರ್ಗಮೂಲ ಸುಮಾರು 33 ಮಿಲಿಸೆಕೆಂಡ್.

ಈಗ ತಂತ್ರಾಂಶವು ದುಂಡು ಶಿಖರದಲ್ಲಿ ಎಡವಿ, ನಡುವಿನ ಒಂದೇ ಒಂದು ಬಡಿತವನ್ನು 20 ಮಿಲಿಸೆಕೆಂಡಿನಷ್ಟು ಮುಂಚಿತವಾಗಿ ಗುರುತಿಸಿತು ಎಂದುಕೊಳ್ಳೋಣ. 850 ಇದ್ದದ್ದು 830 ಆಗುತ್ತದೆ, 880 ಇದ್ದದ್ದು 900 ಆಗುತ್ತದೆ. ಅಷ್ಟಕ್ಕೇ ಫಲಿತಾಂಶ 33ರಿಂದ 49ಕ್ಕೆ ಜಿಗಿಯುತ್ತದೆ. ಇನ್ನು ಒಂದು ಬಡಿತ ಪೂರಾ ತಪ್ಪಿಹೋಯಿತು ಎನ್ನೋಣ. 880 ಮತ್ತು 840 ಸೇರಿ 1,720 ಮಿಲಿಸೆಕೆಂಡಿನ ಒಂದೇ ಅಂತರವಾಗುತ್ತದೆ. ಆಗ ಉತ್ತರ 727! ಸರಾಸರಿ ನಾಡಿ ಬಡಿತದ ಲೆಕ್ಕದಲ್ಲಿ ಒಂದು ಬಡಿತ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವಿಲ್ಲ. ಎಚ್‌ಆರ್‌ವಿ ಲೆಕ್ಕದಲ್ಲಿ ಅದು ಇಡೀ ಫಲಿತಾಂಶವನ್ನೇ ಕೆಡಿಸುತ್ತದೆ. ಐದೇ ಬಡಿತಗಳ ಉದಾಹರಣೆಯಾದ್ದರಿಂದ ಇಲ್ಲಿ ಪರಿಣಾಮ ಎದ್ದು ಕಾಣುತ್ತದೆ ನಿಜ. ಐದು ನಿಮಿಷಗಳ ದಾಖಲೆಯಲ್ಲಿ ಅದು ತೆಳುವಾಗುತ್ತದೆ, ಆದರೆ ಅಳಿಸಿಹೋಗುವುದಿಲ್ಲ. ಆದುದರಿಂದ ತಂತ್ರಾಂಶಗಳು ಅನುಮಾನಾಸ್ಪದ ಅಂತರಗಳನ್ನು ಕಿತ್ತೊಗೆಯುತ್ತವೆ ಅಥವಾ ಅಕ್ಕಪಕ್ಕದವನ್ನು ನೋಡಿ ಹೊಸದನ್ನು ತುಂಬುತ್ತವೆ. ಎಷ್ಟು ಕಿತ್ತವು, ಎಷ್ಟು ತುಂಬಿದವು ಎಂಬುದು ಸಾಮಾನ್ಯವಾಗಿ ಬಳಕೆದಾರನಿಗೆ ತಿಳಿಯುವುದಿಲ್ಲ.

ಮಾದರಿ ಸಂಗ್ರಹದ ವೇಗದ ಪ್ರಶ್ನೆಯೂ ಇದೆ. 1996ರ ಕಾರ್ಯಪಡೆ ಇಸಿಜಿಯನ್ನು ಸೆಕೆಂಡಿಗೆ 250ರಿಂದ 500 ಬಾರಿ ದಾಖಲಿಸುವುದು ಸೂಕ್ತ ಎಂದಿತ್ತು. ಬ್ಯಾಟರಿ ಉಳಿಸಬೇಕಾದ ಉಪಕರಣವೊಂದು ಸೆಕೆಂಡಿಗೆ 25 ಬಾರಿ ಮಾತ್ರ ನೋಡಿದರೆ ಎರಡು ನೋಟಗಳ ನಡುವೆ 40 ಮಿಲಿಸೆಕೆಂಡುಗಳ ಕುರುಡು ಜಾಗ ಉಳಿಯುತ್ತದೆ. ಅಳೆಯಬೇಕಾದ ವ್ಯತ್ಯಾಸವೇ 30 ಮಿಲಿಸೆಕೆಂಡಿನದು! ನಡುವಿನ ಬಿಂದುಗಳನ್ನು ಗಣಿತದಿಂದ ಊಹಿಸಿ ತುಂಬುವ ವಿಧಾನಗಳಿವೆ, ಅಲೆ ಸ್ವಚ್ಛವಾಗಿದ್ದರೆ ಅವು ಚೆನ್ನಾಗಿಯೇ ಕೆಲಸ ಮಾಡುತ್ತವೆ.

ಅಲೆ ಸ್ವಚ್ಛವಾಗಿರುವುದು ಯಾವಾಗ? ಕೈ ಅಲುಗದಿದ್ದಾಗ. ಚನ್ನಪಟ್ಟಣದಲ್ಲಿ ಲೇತ್ ಮುಂದೆ ಕುಳಿತು ತಿರುಗುವ ಮರಕ್ಕೆ ಉಳಿ ಒತ್ತಿ, ಅರಗಿನ ಬಣ್ಣ ಹಚ್ಚುವ ಗೊಂಬೆ ಕಾರ್ಮಿಕನ ಮಣಿಕಟ್ಟಿನಲ್ಲಿ ಕಂಪನವೇ ನಾಡಿಗಿಂತ ಜೋರಾಗಿರುತ್ತದೆ. ರಾಮನಗರದ ರೇಷ್ಮೆ ನೂಲು ಬಿಚ್ಚಣಿಕೆ ಘಟಕಗಳಲ್ಲಿ ಬಿಸಿನೀರಿನ ತೊಟ್ಟಿಯಿಂದ ಗೂಡಿನ ಎಳೆ ಹಿಡಿದೆತ್ತುವ ಕೈಗಳು ಕ್ಷಣಕ್ಷಣಕ್ಕೂ ಚಲಿಸುತ್ತಿರುತ್ತವೆ, ಬೆರಳಿನ ರಕ್ತನಾಳಗಳು ಶಾಖಕ್ಕೆ ಹಿಗ್ಗಿರುತ್ತವೆ. ಇಂಥ ಕೆಲಸದ ನಡುವೆ ವಾಚು ತೋರಿಸುವ ಎಚ್‌ಆರ್‌ವಿಗೆ ಬೆಲೆಯಿಲ್ಲ. ಚಳಿಗೆ ಬೆರಳು ತಣ್ಣಗಾದರೆ ರಕ್ತನಾಳಗಳು ಕುಗ್ಗಿ ಅಲೆಯೇ ಸಣ್ಣದಾಗುತ್ತದೆ. ಚರ್ಮದ ಮೆಲನಿನ್ ಹಸಿರು ಬೆಳಕನ್ನು ಹೀರುವುದರಿಂದ ಕಪ್ಪು ಮೈಬಣ್ಣದವರಲ್ಲಿ ಸಂಕೇತ ಕ್ಷೀಣವಾಗಬಹುದು. ಹಚ್ಚೆಯ ಶಾಯಿಯೂ ಬೆಳಕಿಗೆ ಅಡ್ಡ ಬರುತ್ತದೆ. ಹೀಗಾಗಿಯೇ ಬಹುತೇಕ ಉಂಗುರಗಳು ರಾತ್ರಿ ನಿದ್ದೆಯಲ್ಲಿನ ಅಳತೆಯನ್ನೇ ಮುಖ್ಯವಾಗಿ ನೆಚ್ಚಿಕೊಂಡಿವೆ.

ಪಕ್ಕದ ಮನೆಯವರ ಅಂಕಿಯೊಂದಿಗೆ ಹೋಲಿಸಿಕೊಳ್ಳುವುದಂತೂ ನಿರರ್ಥಕ. ಆಪಲ್ ವಾಚ್ ಎಚ್‌ಆರ್‌ವಿ ಎಂದು ತೋರಿಸುವುದು ಎಸ್‌ಡಿಎನ್‌ಎನ್ ಎಂಬ ಬೇರೊಂದು ಸೂತ್ರದ ಉತ್ತರ. ಎರಡು ಉಪಕರಣಗಳ ಅಂಕಿಗಳು ಬೇರೆ ಬೇರೆ ಮಾನಗಳಲ್ಲಿ ಅಳೆದ ಸಂಖ್ಯೆಗಳಿದ್ದಂತೆ. ಜನರಿಂದ ಜನರಿಗೂ ಅಗಾಧ ಅಂತರವಿದೆ. ಆರೋಗ್ಯವಂತ ವಯಸ್ಕರ 44 ಅಧ್ಯಯನಗಳನ್ನು 2010ರಲ್ಲಿ ಒಟ್ಟುಗೂಡಿಸಿದ ಬ್ರಿಟನ್ನಿನ ಡೇವಿಡ್ ನುನಾನ್ ಮತ್ತು ಸಂಗಡಿಗರಿಗೆ ಆರ್‌ಎಂಎಸ್‌ಎಸ್‌ಡಿಯ ಸರಾಸರಿ 42 ಮಿಲಿಸೆಕೆಂಡ್ ಎಂದು ಕಂಡುಬಂದರೂ, ಅಧ್ಯಯನದಿಂದ ಅಧ್ಯಯನಕ್ಕೆ ಅದು 19ರಿಂದ 75ರವರೆಗೆ ಹರಡಿತ್ತು. ವಯಸ್ಸು ಏರಿದಂತೆ ಅಂಕಿ ಇಳಿಯುವುದು ಸ್ವಾಭಾವಿಕ.

ಬೆಂಗಳೂರಿನ ಪ್ರಯೋಗಾಲಯ, ಬೆಂಗಳೂರಿನ ಉಂಗುರ

ಈ ವಿಷಯದಲ್ಲಿ ಕರ್ನಾಟಕಕ್ಕೆ ತನ್ನದೇ ಆದ ಅನುಭವವಿದೆ. ಬೆಂಗಳೂರಿನ ನಿಮ್ಹಾನ್ಸ್‌ನ ನರ ಶರೀರಕ್ರಿಯಾಶಾಸ್ತ್ರ ವಿಭಾಗದಲ್ಲಿ ಸ್ವಯಂಚಾಲಿತ ನರವ್ಯೂಹದ ಪರೀಕ್ಷೆಗೆಂದೇ ಪ್ರಯೋಗಾಲಯವಿದೆ. ಜಿಗಣಿ ಬಳಿಯ ಪ್ರಶಾಂತಿ ಕುಟೀರದಲ್ಲಿರುವ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದಲ್ಲಿ ಡಾ. ಶರ್ಲಿ ಟೆಲೆಸ್ ಮತ್ತು ಸಂಗಡಿಗರು ಆವರ್ತನ ಧ್ಯಾನ ಹಾಗೂ ಶವಾಸನಗಳು ಎಚ್‌ಆರ್‌ವಿಯ ಮೇಲೆ ಬೀರುವ ಪರಿಣಾಮವನ್ನು ಅಳೆದು 2006ರಲ್ಲಿ ಪ್ರಕಟಿಸಿದರು. ಆಸನಗಳು ನಡೆಯುತ್ತಿರುವಾಗ ಸಿಂಪಥೆಟಿಕ್ ನರಗಳ ಕೈ ಮೇಲಾಗಿ, ಅಭ್ಯಾಸ ಮುಗಿದ ಮೇಲೆ ವೇಗಸ್ ನರದ ಪ್ರಭಾವ ಹೆಚ್ಚುವುದು ಅದರಲ್ಲಿ ಕಂಡುಬಂತು. 2010ರಲ್ಲಿ ಬಂದ ಇನ್ನೊಂದು ಪ್ರಬಂಧ, ಹಗಲಿನ ಅಭ್ಯಾಸ ರಾತ್ರಿಯ ನಿದ್ದೆಯಲ್ಲಿನ ಏರಿಳಿತವನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ಪರಿಶೀಲಿಸಿತು. ಉಂಗುರಗಳು ‘ರಾತ್ರಿಯ ಎಚ್‌ಆರ್‌ವಿ’ಯನ್ನು ಮಾರುಕಟ್ಟೆಗೆ ತರುವ ಮೊದಲೇ ನಡೆದ ಕೆಲಸವಿದು. ಈ ಎರಡೂ ಅಧ್ಯಯನಗಳು ಆಧರಿಸಿದ್ದು ಇಸಿಜಿಯನ್ನು.

ಮಾರುಕಟ್ಟೆಯ ಕಡೆಯಲ್ಲೂ ಬೆಂಗಳೂರು ಹಿಂದುಳಿದಿಲ್ಲ. 2019ರಲ್ಲಿ ಇಲ್ಲಿ ಆರಂಭವಾದ ಅಲ್ಟ್ರಾಹ್ಯೂಮನ್ ಸಂಸ್ಥೆಯ ಉಂಗುರ ಬೆರಳಿನ ನಾಡಿ ಅಲೆಯಿಂದ ಎಚ್‌ಆರ್‌ವಿ ಲೆಕ್ಕ ಹಾಕುತ್ತದೆ. ಬೆಂಗಳೂರಿನದೇ ಆದ ಡೋಜಿ ಇನ್ನೊಂದು ದಾರಿ ಹಿಡಿದಿದೆ: ಹಾಸಿಗೆಯ ಕೆಳಗೆ ಹಾಸುವ ಹಾಳೆಯೊಂದು ಪ್ರತಿ ಬಡಿತಕ್ಕೂ ಮೈಯಲ್ಲಿ ಉಂಟಾಗುವ ನವಿರಾದ ಕಂಪನವನ್ನು ಗ್ರಹಿಸುತ್ತದೆ. ಅದರಲ್ಲಿ ಬೆಳಕಿನ ಪಾತ್ರವಿಲ್ಲ.

ನಾಡಿ ಹಿಡಿದು ರೋಗ ಹೇಳುವುದು ಈ ನೆಲಕ್ಕೆ ಹೊಸತಲ್ಲ ಎಂಬ ಮಾತೂ ಆಗಾಗ ಕೇಳಿಬರುತ್ತದೆ. ಶಾರ್ಙ್ಗಧರ ಸಂಹಿತೆಯಲ್ಲಿ ನಾಡಿಯ ನಡೆಯನ್ನು ಹಾವು, ಕಪ್ಪೆ, ಹಂಸಗಳ ಚಲನೆಗೆ ಹೋಲಿಸಲಾಗಿದೆ. ಅಲ್ಲಿ ವೈದ್ಯನ ಬೆರಳು ಗ್ರಹಿಸುವುದು ಅಲೆಯ ಆಕಾರ, ಬಲ, ಗತಿ. ವಾಚು ಗಣಿಸುವುದು ಅಂತರಗಳನ್ನು. ಎರಡನ್ನೂ ಒಂದೇ ಎನ್ನುವ ಜಾಹೀರಾತುಗಳನ್ನು ಅನುಮಾನದಿಂದ ನೋಡುವುದು ಒಳ್ಳೆಯದು.

ಹೃದಯಾಘಾತವನ್ನು ಇದು ಹೇಳಬಲ್ಲದೇ?

ಜನ ನಿಜಕ್ಕೂ ಕೇಳುವ ಪ್ರಶ್ನೆ ಇದು. ಉತ್ತರ ಸ್ಪಷ್ಟವಾಗಿ ಇಲ್ಲ ಎಂದೇ. ಹೃದಯಾಘಾತವಾಗುವುದು ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಪರಿಧಮನಿ ಮುಚ್ಚಿಕೊಂಡಾಗ. ಅಲ್ಲಿ ಕೊಬ್ಬು ಕಟ್ಟಿಕೊಂಡಿದೆಯೇ, ಹೆಪ್ಪು ಮೂಡಿದೆಯೇ ಎಂಬುದು ಮಣಿಕಟ್ಟಿನ ನಾಡಿಯ ಅಂತರಗಳಲ್ಲಿ ಬರೆದಿರುವುದಿಲ್ಲ. 1987ರ ಅಧ್ಯಯನ ಹೇಳಿದ್ದು ಈಗಾಗಲೇ ಹೃದಯಾಘಾತವಾದ ರೋಗಿಗಳ ಗುಂಪಿನ ಬಗ್ಗೆ, ಅದೂ ಇಡೀ ದಿನದ ಇಸಿಜಿಯನ್ನು ನೋಡಿ. ಅದನ್ನು ಆರೋಗ್ಯವಂತನೊಬ್ಬನ ಒಂದು ಬೆಳಗಿನ ಅಂಕಿಗೆ ಅನ್ವಯಿಸಲಾಗದು.

ಅಂಕಿ ಹೆಚ್ಚಿದ್ದರೆ ಒಳ್ಳೆಯದು ಎಂಬ ನಂಬಿಕೆಯಲ್ಲೂ ಬಿರುಕಿದೆ. ಏಟ್ರಿಯಲ್ ಫಿಬ್ರಿಲೇಷನ್ ಎಂಬ ಲಯದೋಷದಲ್ಲಿ ಬಡಿತಾಂತರಗಳು ಅಡ್ಡಾದಿಡ್ಡಿಯಾಗಿ ಸೂತ್ರದ ಉತ್ತರ ಬಹಳ ಮೇಲೇರುತ್ತದೆ. ಅದು ಆರೋಗ್ಯವಲ್ಲ, ಪಾರ್ಶ್ವವಾಯುವಿಗೆ ದಾರಿ ಮಾಡಿಕೊಡಬಲ್ಲ ಕಾಯಿಲೆ. ನಾಡಿಯ ಅಂತರಗಳನ್ನು ಉಪಯುಕ್ತವಾಗಿ ಬಳಸಬಹುದಾದ ಒಂದು ಕ್ಷೇತ್ರವೂ ಇದೇ. 2019ರಲ್ಲಿ ಪ್ರಕಟವಾದ ಆಪಲ್ ಹಾರ್ಟ್ ಸ್ಟಡಿಯಲ್ಲಿ 4,19,297 ಮಂದಿ ಪಾಲ್ಗೊಂಡಿದ್ದರು. ಅವರಲ್ಲಿ 2,161 ಮಂದಿಗೆ ನಾಡಿ ಕ್ರಮಗೆಟ್ಟಿದೆ ಎಂಬ ಎಚ್ಚರಿಕೆ ಹೋಯಿತು. ಅಂಥವರ ಪೈಕಿ ಇಸಿಜಿ ಪಟ್ಟಿ ಧರಿಸಿ ಹಿಂದಿರುಗಿಸಿದ 450 ಮಂದಿಯಲ್ಲಿ ಶೇಕಡಾ 34ರಷ್ಟು ಜನರಲ್ಲಿ ಆ ಲಯದೋಷ ದೃಢಪಟ್ಟಿತು. ವಾಚು ಬೆರಳು ತೋರಿಸಿತು, ತೀರ್ಪು ಕೊಟ್ಟಿದ್ದು ಇಸಿಜಿ.

ಇದಕ್ಕಿಂತ ಕಡಿಮೆ ಸದ್ದು ಮಾಡಿದ, ಆದರೆ ಮಧುಮೇಹ ಹೆಚ್ಚುತ್ತಿರುವ ನಮ್ಮಲ್ಲಿ ಹೆಚ್ಚು ಪ್ರಸ್ತುತವಾದ ಉಪಯೋಗವೊಂದಿದೆ. ದೀರ್ಘಕಾಲದ ಮಧುಮೇಹ ಹೃದಯದ ನರಗಳನ್ನೂ ಸವೆಸುತ್ತದೆ. ರೋಗಿಯನ್ನು ನಿಮಿಷಕ್ಕೆ 6ರಂತೆ ಆಳವಾಗಿ ಉಸಿರಾಡಿಸಿ, ಉಸಿರೆಳೆದಾಗಿನ ಗರಿಷ್ಠ ಬಡಿತಕ್ಕೂ ಬಿಟ್ಟಾಗಿನ ಕನಿಷ್ಠ ಬಡಿತಕ್ಕೂ ಇರುವ ಅಂತರ ನೋಡುವ ಪರೀಕ್ಷೆಯನ್ನು ಎಡಿನ್‌ಬರೋದ ಯೂಯಿಂಗ್ ಮತ್ತು ಕ್ಲಾರ್ಕ್ 1980ರ ದಶಕದಲ್ಲಿ ಜನಪ್ರಿಯಗೊಳಿಸಿದರು. ಅಂತರ ನಿಮಿಷಕ್ಕೆ 15 ಬಡಿತಗಳಷ್ಟು ಅಥವಾ ಹೆಚ್ಚಿದ್ದರೆ ಸಹಜ, 10 ಅಥವಾ ಕಡಿಮೆ ಇದ್ದರೆ ಅಸಹಜ ಎಂಬುದು ಅವರ ಅಳತೆಗೋಲು. ಬೇಕಾಗುವುದು ಒಂದು ಇಸಿಜಿ ಯಂತ್ರ ಮತ್ತು ಒಂದೆರಡು ನಿಮಿಷ. ನರಗಳು ಸವೆದ ಮಧುಮೇಹಿಗಳಲ್ಲಿ ಹೃದಯಾಘಾತವಾದರೂ ಎದೆನೋವು ಕಾಣಿಸದೆ, ಬರೀ ಬೆವರು, ಸುಸ್ತು, ಉಬ್ಬಸಗಳಷ್ಟೇ ಕಾಣಿಸಬಹುದಾದ್ದರಿಂದ ಈ ಪರೀಕ್ಷೆಯ ಮಹತ್ವ ದೊಡ್ಡದು.

ಎದೆಯಲ್ಲಿ ಒತ್ತಿದಂಥ ನೋವು, ಅದು ಎಡತೋಳಿಗೋ ದವಡೆಗೋ ಹರಡುವುದು, ಕಾರಣವಿಲ್ಲದ ಬೆವರು, ಉಸಿರುಗಟ್ಟುವಿಕೆ ಇವುಗಳಲ್ಲಿ ಯಾವುದೇ ಕಂಡರೂ ವಾಚು ನೋಡುತ್ತ ಕೂರುವ ಸಮಯ ಅದಲ್ಲ. ಬೇಕಾದದ್ದು ಹನ್ನೆರಡು ಲೀಡ್‌ಗಳ ಇಸಿಜಿ. ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ರಾಜ್ಯ ಸರ್ಕಾರ ತಂದಿರುವ ಹೃದಯ ಜ್ಯೋತಿ ಯೋಜನೆಯ ಹೂರಣವೂ ಇದೇ: ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡಿ ಹೇಳುವುದು, ಹೃದಯಾಘಾತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ನೀಡಿ ನಂತರ ದೊಡ್ಡ ಆಸ್ಪತ್ರೆಗೆ ಕಳುಹಿಸುವುದು. (ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳು ಸೇರಿದ ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರದ ಮತದಾರರು 2024ರಲ್ಲಿ ಜಯದೇವ ಸಂಸ್ಥೆಯ ಮಾಜಿ ನಿರ್ದೇಶಕ ಡಾ. ಸಿ.ಎನ್. ಮಂಜುನಾಥ್ ಅವರನ್ನೇ ಸಂಸತ್ತಿಗೆ ಕಳುಹಿಸಿದ್ದಾರೆ ಎಂಬುದು ಇಲ್ಲಿ ನೆನಪಾಗುತ್ತದೆ.)

ಬಳಸುವುದಾದರೆ ಹೇಗೆ?

ಇಷ್ಟೆಲ್ಲ ಮಿತಿಗಳ ನಡುವೆಯೂ ನಾಡಿಯಿಂದ ದೊರೆತ ಎಚ್‌ಆರ್‌ವಿಗೆ ಒಂದು ಸ್ಥಾನವಿದೆ. ಅದು ಒಬ್ಬನೇ ವ್ಯಕ್ತಿಯ, ಒಂದೇ ಉಪಕರಣದ, ಒಂದೇ ಹೊತ್ತಿನ ಅಂಕಿಗಳನ್ನು ವಾರಗಟ್ಟಲೆ ಇಟ್ಟು ನೋಡುವಾಗ. ನಿದ್ದೆಗೆಟ್ಟ ರಾತ್ರಿ, ಮದ್ಯಪಾನ, ಜ್ವರ, ಅತಿಯಾದ ವ್ಯಾಯಾಮ ಇವುಗಳ ಮರುದಿನ ಅಂಕಿ ತನ್ನ ಎಂದಿನ ಮಟ್ಟದಿಂದ ಇಳಿಯುವುದನ್ನು ಬಹಳಷ್ಟು ಜನ ಗುರುತಿಸಬಲ್ಲರು. ದೂರದ ಓಟಗಾರರು, ಸೈಕಲ್ ಸವಾರರು ತರಬೇತಿಯ ಹೊರೆಯನ್ನು ಹೊಂದಿಸಿಕೊಳ್ಳಲು ಇದನ್ನು ಬಳಸುತ್ತಾರೆ. ಒಂದು ದಿನದ ಇಳಿತಕ್ಕೆ ಅರ್ಥ ಹುಡುಕುವುದು ವ್ಯರ್ಥ. ಏಳು ದಿನಗಳ ಸರಾಸರಿ ಎತ್ತ ಸಾಗುತ್ತಿದೆ ಎಂಬುದು ಹೆಚ್ಚು ಹೇಳುತ್ತದೆ.

ಅಳೆಯುವ ಕ್ರಮವೂ ಮುಖ್ಯ. ಬೆಳಗ್ಗೆ ಎದ್ದೊಡನೆ, ಕಾಫಿಗೆ ಮೊದಲು, ಮಲಗಿಕೊಂಡು ಅಥವಾ ಒರಗಿ ಕುಳಿತು, ಕೈಯನ್ನು ಅಲುಗಿಸದೆ, ಮಾತನಾಡದೆ ಐದು ನಿಮಿಷ ಇದ್ದರೆ ದೊರೆಯುವ ಅಲೆ ಶುಭ್ರವಾಗಿರುತ್ತದೆ. ವಾಚಿನ ಪಟ್ಟಿ ಸಡಿಲವಾಗಿದ್ದರೆ ಹೊರಗಿನ ಬೆಳಕು ನುಸುಳುತ್ತದೆ, ತೀರಾ ಬಿಗಿಯಾದರೆ ಚರ್ಮದಡಿಯ ರಕ್ತ ಸಂಚಾರವೇ ಕಡಿಮೆಯಾಗುತ್ತದೆ. ಉಸಿರಾಟವನ್ನು ಬೇಕೆಂದೇ ನಿಧಾನಗೊಳಿಸಿದರೆ ಅಂಕಿ ಮೇಲೇರುತ್ತದೆ. ಹಾಗಾಗಿ ಇಂದು ಪ್ರಾಣಾಯಾಮದ ಉಸಿರಿನಲ್ಲಿ, ನಾಳೆ ಸಹಜ ಉಸಿರಿನಲ್ಲಿ ಅಳೆದರೆ ಹೋಲಿಕೆ ಕೆಡುತ್ತದೆ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಗುಳಿಗೆ ತೆಗೆದುಕೊಳ್ಳುವವರಲ್ಲಿ ಔಷಧಿಯೇ ಅಂಕಿಯನ್ನು ಬದಲಿಸುತ್ತದೆ. ಪೇಸ್‌ಮೇಕರ್ ಇರುವವರು ಮತ್ತು ಪದೇ ಪದೇ ಬಡಿತ ತಪ್ಪುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದೇ ಲೇಸು. ಅವಧಿಗೆ ಮುನ್ನ ಬರುವ ದುರ್ಬಲ ಬಡಿತ ಎಷ್ಟೋ ಸಲ ಮಣಿಕಟ್ಟಿನವರೆಗೆ ತಲುಪುವುದೇ ಇಲ್ಲ. ಆಗ ಮೇಲೆ ಹೇಳಿದ 1,720ರ ಲೆಕ್ಕ ಬರುತ್ತದೆ.

ಇನ್ನೂ ನಿಖರವಾದ ಅಂಕಿ ಬೇಕೆನ್ನುವವರಿಗೆ ಎದೆಯ ಸುತ್ತ ಕಟ್ಟುವ ಬೆಲ್ಟ್‌ಗಳು ಸಿಗುತ್ತವೆ. ಇವು ಬೆಳಕನ್ನು ಬಿಟ್ಟು, ಇಸಿಜಿಯಂತೆ ಹೃದಯದ ವಿದ್ಯುತ್ ಮಿಡಿತವನ್ನೇ ಚರ್ಮದ ಮೇಲೆ ಹಿಡಿದು ಬಡಿತಾಂತರಗಳನ್ನು ಬ್ಲೂಟೂತ್ ಮೂಲಕ ಮೊಬೈಲಿಗೆ ಕಳುಹಿಸುತ್ತವೆ. ಕಟ್ಟುವ ಮುನ್ನ ಬೆಲ್ಟ್‌ನ ಸಂಪರ್ಕ ಪಟ್ಟಿಗಳನ್ನು ನೀರಿನಿಂದ ಒದ್ದೆ ಮಾಡಿಕೊಳ್ಳಬೇಕು, ಒಣ ಚರ್ಮದ ಮೇಲೆ ಅವು ಸಂಕೇತವನ್ನು ಸರಿಯಾಗಿ ಹಿಡಿಯುವುದಿಲ್ಲ.